ಸೋರುವ ಕೊಳವೆಯ ಚರಿತ್ರೆ

ನಿಮ್ಮ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಕಾರೊಂದಿದ್ದರೆ, ಒಂದು ದಿನ ಬೆಳಿಗ್ಗೆ ಅದನ್ನು ಹೊರಕ್ಕೆ ತೆಗೆದ ಮೇಲೆ ನೆಲದಲ್ಲಿ ಅಂಗೈಯಗಲದ ಕಲೆಯೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅರ್ಧ ರೋಗ ಅಲ್ಲಿಯೇ ತಿಳಿಯುತ್ತದೆ. ಕಪ್ಪಗೆ, ದಪ್ಪಗೆ ಇದ್ದರೆ ಇಂಜಿನಿನ ಎಣ್ಣೆ. ತೆಳ್ಳಗೆ, ಕುಂಕುಮ ಕದಡಿದ ನೀರಿನಂತೆ ಕೆಂಪಗೆ, ಬೆರಳ ತುದಿಯಲ್ಲಿ ಜಾರುವಂತಿದ್ದರೆ ಬಹುಮಟ್ಟಿಗೆ ಅದು ಚುಕ್ಕಾಣಿಯ ಎಣ್ಣೆ. ಗ್ಯಾರೇಜಿನ ಮೇಸ್ತ್ರಿ ಕಾರಿನಡಿಗೆ ಒಮ್ಮೆ ಬಗ್ಗಿ ನೋಡಿ, ಕೈ ಒರೆಸಿಕೊಳ್ಳುತ್ತ, “ಪವರ್ ಸ್ಟೀರಿಂಗ್ ಹೋಸು ಹೋಗಿದೆ ಸ್ವಾಮಿ, ಹೊಸದು ಹಾಕಬೇಕು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ.

ಆ ತೀರ್ಪು ಸರಿಯೇ. ಆದರೆ ಆ ಎರಡು ಗೇಣು ರಬ್ಬರು ಕೊಳವೆ ಅಲ್ಲಿಗೆ ಬಂದದ್ದು ಹೇಗೆ, ಅದು ಸೋರುವುದೇತಕ್ಕೆ, ಇಷ್ಟು ವರ್ಷ ಸೋರದೆ ಇದ್ದದ್ದಾದರೂ ಹೇಗೆ ಎಂದು ಕೇಳಿದರೆ ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಯಂತ್ರಗಳ ಚರಿತ್ರೆಯೆಂದರೆ ಮುಕ್ಕಾಲು ಪಾಲು ಸೋರಿಕೆಯನ್ನು ತಡೆದ ಚರಿತ್ರೆಯೇ. ಕಾರನ್ನು ಗ್ಯಾರೇಜಿಗೆ ಒಯ್ಯುವ ಮುನ್ನ ಈ ಕಥೆಯನ್ನು ಸ್ವಲ್ಪ ಕೇಳಿ.

ಚುಕ್ಕಾಣಿ ಎಂಬ ಮಾತನ್ನು ನಾವು ಹಡಗಿಗೂ ಹೇಳುತ್ತೇವೆ, ಮೋಟಾರಿಗೂ ಹೇಳುತ್ತೇವೆ. ಹಾಗೆ ಹೇಳುವುದು ಚರಿತ್ರೆಯ ದೃಷ್ಟಿಯಿಂದಲೂ ಯುಕ್ತವಾಗಿದೆ. ಚುಕ್ಕಾಣಿ ತಿರುಗಿಸುವವನ ತೋಳಿಗೆ ಯಂತ್ರದ ಬಲವನ್ನು ಕೂಡಿಸಬೇಕೆಂಬ ಆಲೋಚನೆ ಮೊದಲು ಗಟ್ಟಿಯಾಗಿ ನೆಲೆಗೊಂಡದ್ದು ಸಮುದ್ರದ ಮೇಲೆ. ೧೮೫೮ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಎಂಬ ಇಂಗ್ಲೆಂಡಿನ ಹಡಗು ಸುಮಾರು ೬೯೨ ಅಡಿ ಉದ್ದದ್ದು. ಅಂದಿನವರಿಗೆ ಅದೊಂದು ತೇಲುವ ಊರು. ಬಿರುಗಾಳಿಯಲ್ಲಿ ಅದರ ಚುಕ್ಕಾಣಿಚಕ್ರವನ್ನು ಹಿಡಿದು ನಿಲ್ಲಿಸಲು ಒಬ್ಬಿಬ್ಬರಿಂದ ಆಗುತ್ತಿರಲಿಲ್ಲ. ಮನುಷ್ಯರ ತೋಳಿಗೆ ಮೀರಿದ ಹಡಗನ್ನು ಮನುಷ್ಯರು ಕಟ್ಟಿಬಿಟ್ಟಿದ್ದರು. ೧೮೬೬ರಲ್ಲಿ ಜಾನ್ ಮೆಕ್‌ಫರ್ಲೇನ್ ಗ್ರೇ ಎಂಬ ಎಂಜಿನಿಯರು ಉಗಿಯಿಂದ ನಡೆಯುವ ಚುಕ್ಕಾಣಿಯಂತ್ರಕ್ಕೆ ಪೇಟೆಂಟು ಪಡೆದ. ಅದನ್ನು ಈ ಹಡಗಿಗೇ ಅಳವಡಿಸಿದರು. ಅದರ ಜಾಣತನ ಉಗಿಯಲ್ಲಿರಲಿಲ್ಲ, ವಾಲ್ವಿನಲ್ಲಿತ್ತು. ನಾವಿಕ ಚಕ್ರವನ್ನು ಎಷ್ಟು ತಿರುಗಿಸುತ್ತಾನೋ ಅಷ್ಟೇ ಉಗಿ ಒಳಕ್ಕೆ ಹೋಗುವುದು. ಚುಕ್ಕಾಣಿ ಅಷ್ಟು ತಿರುಗಿದೊಡನೆ ಅದೇ ಚಲನೆ ವಾಲ್ವನ್ನು ತಾನಾಗಿ ಮುಚ್ಚುವುದು. ದಾರಿ ತೋರಿಸುವವನು ಮನುಷ್ಯ, ಭಾರ ಹೊರುವುದು ಯಂತ್ರ. ನಿಮ್ಮ ಕಾರಿನ ಚುಕ್ಕಾಣಿಯೂ ಇಂದಿಗೂ ಈ ಕರಾರಿನಂತೆಯೇ ನಡೆಯುತ್ತದೆ.

ಇದೇ ಹಡಗು ೧೮೭೦ರಲ್ಲಿ ನಮ್ಮ ಮುಂಬಯಿಯಿಂದ ಏಡನ್ನಿಗೆ ತಂತಿಯನ್ನು ಸಮುದ್ರತಳದಲ್ಲಿ ಹಾಸುತ್ತ ಹೋಯಿತೆಂಬುದು ನಮಗೆ ಸಂಬಂಧಪಟ್ಟ ಮಾತು. ತಂತಿ ಹಾಸುವ ಹಡಗು ಗೆರೆ ಕೊರೆದಂತೆ ಸಾಗಬೇಕಷ್ಟೆ.

ಹಡಗಿನಲ್ಲಿ ಬಾಯ್ಲರು ಇತ್ತು, ಉಗಿ ಇತ್ತು. ಮೋಟಾರು ಗಾಡಿಯಲ್ಲಿ ಅದನ್ನೆಲ್ಲ ಹೊರುವುದು ಹೇಗೆ? ೧೯೦೩ರಲ್ಲಿಯೇ ಅಮೆರಿಕದ ಕೊಲಂಬಿಯಾ ಎಂಬ ಐದು ಟನ್ನಿನ ಟ್ರಕ್ಕಿಗೆ ಚುಕ್ಕಾಣಿಗೆಂದು ಬೇರೆ ವಿದ್ಯುತ್ ಮೋಟಾರನ್ನು ಇಟ್ಟಿದ್ದರು. ಅದು ಹೆಚ್ಚು ದೂರ ಸಾಗಲಿಲ್ಲ. ಉಳಿದ ದಾರಿಯೆಂದರೆ ದ್ರವದ ಒತ್ತಡ. ಆ ವಿದ್ಯೆ ಅಷ್ಟರಲ್ಲಾಗಲೇ ನೂರು ವರ್ಷ ಹಳೆಯದಾಗಿತ್ತು.

೧೭೯೫ರಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ನೀರಿನ ಒತ್ತಡದಿಂದ ನಡೆಯುವ ಒತ್ತುಯಂತ್ರಕ್ಕೆ ಪೇಟೆಂಟು ಪಡೆದ. ಸಣ್ಣ ಕೊಳವೆಯಲ್ಲಿ ಕೈಯಿಂದ ಒತ್ತಿದ ನೀರು ದೊಡ್ಡ ಕೊಳವೆಯಲ್ಲಿ ಆನೆಯ ಬಲವಾಗಿ ಏಳುತ್ತದೆ ಎಂಬ ತತ್ವವನ್ನು ಪ್ಯಾಸ್ಕಲ್ ಹದಿನೇಳನೆಯ ಶತಮಾನದಲ್ಲಿಯೇ ಹೇಳಿದ್ದ. ತತ್ವಕ್ಕೆ ಕೊರತೆಯಿರಲಿಲ್ಲ, ಬ್ರಾಮಾನ ಯಂತ್ರ ಸೋರುತ್ತಿತ್ತು. ಉಕ್ಕಿ ಮೇಲೇಳುವ ದಂಡದ ಸುತ್ತ ನೀರು ಚಿಮ್ಮುವುದು. ಅದನ್ನು ತಡೆಯಲು ಬಿಗಿಯಾಗಿ ತುರುಕಿದರೆ ದಂಡವೇ ಏಳದು. ಕೊನೆಗೆ ಅದಕ್ಕೆ ತೊಗಲಿನ ಒಂದು ಬಟ್ಟಲನ್ನು ಕೊಳವೆಯೊಳಗೆ ಬಾಯಿ ಕೆಳಗಾಗಿ ಕೂರಿಸಿದರು. ನೀರಿನ ಒತ್ತಡ ಹೆಚ್ಚಿದಷ್ಟೂ ತೊಗಲಿನ ಅಂಚು ಹರಡಿಕೊಂಡು ದಂಡವನ್ನು ಇನ್ನಷ್ಟು ಅಪ್ಪಿ ಹಿಡಿಯುತ್ತಿತ್ತು. ಒತ್ತಡ ಇಳಿದರೆ ತಾನೂ ಸಡಿಲುತ್ತಿತ್ತು. ಈ ಉಪಾಯ ಬ್ರಾಮಾನದಲ್ಲ, ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲೇ ಎಂಬ ಕುಶಲ ಕಮ್ಮಾರನದು ಎಂದು ಮಾಡ್ಸ್‌ಲೇಯ ಬಳಿ ಪಳಗಿದ ಜೇಮ್ಸ್ ನಾಸ್ಮಿತ್ ಹೇಳಿದ್ದಾನೆ. ಹೆಸರು ಮಾತ್ರ ಯಜಮಾನನಿಗೆ ಹೋಯಿತು. ಇರಲಿ, ಅಂಥದು ಅಪರೂಪವಲ್ಲ. ಸೋರಿಸಲು ಹವಣಿಸುವ ಶಕ್ತಿಯನ್ನೇ ಸೋರಿಕೆ ತಡೆಯುವ ಕೆಲಸಕ್ಕೆ ಹಚ್ಚಿದ ಈ ಬಟ್ಟಲನ್ನು ಜ್ಞಾಪಕದಲ್ಲಿಡಿ. ನಿಮ್ಮ ಕಾರಿನ ಬಳಿ ಅದರ ಮೊಮ್ಮಗ ಮತ್ತೆ ಕಾಣಿಸಿಕೊಳ್ಳುತ್ತಾನೆ.

ಈಗ ಅಮೆರಿಕದ ಬಫಲೋ ನಗರಕ್ಕೆ ಬರೋಣ. ಅಲ್ಲಿ ಪಿಯರ್ಸ್-ಆರೋ ಎಂಬ ಪ್ರಸಿದ್ಧ ಕಂಪನಿ ದೊಡ್ಡ ಕಾರುಗಳನ್ನೂ ಭಾರದ ಟ್ರಕ್ಕುಗಳನ್ನೂ ಮಾಡುತ್ತಿತ್ತು. ಅದರ ಟ್ರಕ್ಕು ವಿಭಾಗದಲ್ಲಿ ಹಾರ್ವರ್ಡಿನಲ್ಲಿ ಓದಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರಿದ್ದ; ೧೮೮೭ರಲ್ಲಿ ಹುಟ್ಟಿದವನು. ಭಾರ ಹೊತ್ತ ಟ್ರಕ್ಕನ್ನು ತಿರುಗಿಸಲು ಚಾಲಕರು ಪಡುವ ಪಾಡನ್ನು ಅವನು ದಿನವೂ ನೋಡುತ್ತಿದ್ದ. ಚಕ್ರ ಗುಂಡಿಗೆ ಬಿದ್ದರೆ ಆ ಏಟು ಕಂಬಿಯ ಮೂಲಕ ಚುಕ್ಕಾಣಿಗೆ ಬಂದು, ಹಿಡಿದ ಕೈಯನ್ನೇ ತಿರುಚುವುದು. ಅಂಬಾಸಿಡರ್ ಕಾರಿನ ಹಳೆಯ ಮಾದರಿಯನ್ನಾಗಲಿ, ತುಂಬಿದ ಹಳೆಯ ಲಾರಿಯನ್ನಾಗಲಿ ಓಡಿಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ. ಆ ತೋಳುನೋವಿನ ವರ್ಣನೆಯನ್ನು ಅವರು ನನಗಿಂತ ಚೆನ್ನಾಗಿ ಮಾಡಿಯಾರು.

ಡೇವಿಸ್ ೧೯೨೨ರಲ್ಲಿ ಆ ಕೆಲಸ ಬಿಟ್ಟ. ತನ್ನ ಆಲೋಚನೆಯ ಹಕ್ಕು ತನ್ನಲ್ಲಿಯೇ ಉಳಿಯಬೇಕೆಂಬುದು ಕಾರಣ. ಮ್ಯಾಸಚೂಸೆಟ್ಸಿನ ವಾಲ್ಥಂ ಎಂಬ ಊರಿನಲ್ಲಿ ಒಂದು ಸಣ್ಣ ಕಮ್ಮಟ ಹಿಡಿದು, ಜಾರ್ಜ್ ಜೆಸಪ್ ಎಂಬ ನುರಿತ ಉಪಕರಣ ಕೆಲಸಗಾರನನ್ನು ಜೊತೆಗೆ ಕಟ್ಟಿಕೊಂಡು ಪ್ರಯೋಗಕ್ಕೆ ಕುಳಿತ. ಮೊದಲ ಪ್ರಶ್ನೆಯೇ ಸೋರಿಕೆ. ಆ ವರೆಗಿನ ದ್ರವಯಂತ್ರಗಳು ಬಹುಮಟ್ಟಿಗೆ ಒಂದು ರೀತಿಯವು: ಒತ್ತಡವನ್ನು ಮೊದಲೇ ಕೂಡಿಹಾಕಿ, ವಾಲ್ವು ಮುಚ್ಚಿ ಇಟ್ಟಿರುವುದು, ಬೇಕಾದಾಗ ತೆರೆಯುವುದು. ಅಂದರೆ ಯಂತ್ರ ಸುಮ್ಮನಿದ್ದಾಗಲೂ ಅದರ ಪ್ರತಿಯೊಂದು ಕೀಲು, ಪ್ರತಿಯೊಂದು ಕೊಳವೆ ಹಗಲೂ ಇರುಳೂ ಭಾರೀ ಒತ್ತಡವನ್ನು ತಡೆದುಕೊಂಡಿರಬೇಕು. ಕಾರ್ಖಾನೆಯಲ್ಲಿ ಸೋರಿದರೆ ಕೆಳಗೆ ಬಕೆಟ್ಟು ಇಡಬಹುದು. ಊರಿಂದೂರಿಗೆ ಹೋಗುವ ಗಾಡಿಯಲ್ಲಿ ಅದು ನಡೆಯದು.

ಡೇವಿಸ್ ಈ ಕ್ರಮವನ್ನು ತಿರುಗುಮುರುಗು ಮಾಡಿದ. ನಮ್ಮ ಕಡೆ ತೋಟಕ್ಕೆ ನೀರು ಹಾಯಿಸುವವರನ್ನು ನೀವು ನೋಡಿದ್ದೀರಿ. ಕಾಲುವೆಯಲ್ಲಿ ನೀರು ಸರಾಗವಾಗಿ ಹರಿಯುತ್ತಲೇ ಇರುತ್ತದೆ. ಯಾವ ಮಡಿಗೆ ಬೇಕೋ ಅಲ್ಲಿ ಗುದ್ದಲಿಯಿಂದ ಒಂದು ಹೆಂಟೆ ಮಣ್ಣನ್ನು ಅಡ್ಡ ಹಾಕಿದರೆ ಸಾಕು, ನೀರು ಅತ್ತ ನುಗ್ಗುತ್ತದೆ. ಡೇವಿಸನ ಯಂತ್ರವೂ ಹಾಗೆ. ಇಂಜಿನಿನಿಂದ ತಿರುಗುವ ಪಂಪು ಎಣ್ಣೆಯನ್ನು ಸದಾ ಸುತ್ತಿಸುತ್ತಲೇ ಇರುತ್ತದೆ. ಕಾರು ನೇರ ಹೋಗುವಾಗ ವಾಲ್ವು ಎರಡೂ ಕಡೆ ತೆರೆದೇ ಇರುವುದರಿಂದ ಎಣ್ಣೆ ಹೆಚ್ಚು ಒತ್ತಡವಿಲ್ಲದೆ ಬಂದ ದಾರಿಯಲ್ಲಿ ಡಬ್ಬಿಗೆ ಮರಳುತ್ತದೆ. ನೀವು ಚಕ್ರವನ್ನು ಕೊಂಚ ತಿರುಗಿಸಿದೊಡನೆ ವಾಲ್ವು ಒಂದು ಕಡೆ ಕಿರಿದಾಗುತ್ತದೆ. ದಾರಿ ಕಟ್ಟಿದ ಎಣ್ಣೆ ಒತ್ತಡ ಏರಿಸಿಕೊಂಡು ಪಿಸ್ಟನ್ನಿನ ಆ ಬದಿಯನ್ನು ನೂಕುತ್ತದೆ. ಕೈ ಸಡಿಲಿಸಿದರೆ ಮತ್ತೆ ಶಾಂತಿ. ಒತ್ತಡ ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ. ಸೋರಿಕೆಯನ್ನು ಗೆಲ್ಲಲು ಅವನು ಗೋಡೆಯನ್ನು ದಪ್ಪ ಮಾಡಲಿಲ್ಲ, ಮುತ್ತಿಗೆಯನ್ನೇ ತೆಗೆದುಬಿಟ್ಟ. ಈ ಇಡೀ ಕಥೆಯಲ್ಲಿ ನನಗೆ ಅತಿ ಮೆಚ್ಚುಗೆಯಾದ ಗಳಿಗೆ ಇದೇ.

೧೯೨೬ರಲ್ಲಿ ಡೇವಿಸ್ ತನ್ನ ಯಂತ್ರವನ್ನು ೧೯೨೧ರ ಒಂದು ಪಿಯರ್ಸ್-ಆರೋ ಕಾರಿಗೆ ಜೋಡಿಸಿಕೊಂಡು ಡೆಟ್ರಾಯಿಟಿಗೆ ಓಡಿಸಿಕೊಂಡು ಹೋಗಿ ತೋರಿಸಿದ. ಜನರಲ್ ಮೋಟಾರ್ಸ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಇನ್ನೇನು, ಕ್ಯಾಡಿಲಾಕ್ ಕಾರುಗಳಲ್ಲಿ ಹೊಸ ಚುಕ್ಕಾಣಿ ಬರುವುದೊಂದೇ ಬಾಕಿ ಎನ್ನುವಾಗ ಆರ್ಥಿಕ ಮುಗ್ಗಟ್ಟು ಬಂತು. ದೊಡ್ಡ ಕಾರು ಕೊಳ್ಳುವವರೇ ಇಲ್ಲದಾಗ ಅದಕ್ಕೆ ಬೇಕಾದ ಅಚ್ಚು, ಯಂತ್ರಗಳಿಗೆ ಹಣ ಹಾಕುವುದು ದಂಡವೆಂದು ಲೆಕ್ಕ ಹಾಕಿ ೧೯೩೪ರಲ್ಲಿ ಕಂಪನಿ ಕೈಬಿಟ್ಟಿತು. ೧೯೩೬ರಲ್ಲಿ ಡೇವಿಸ್ ಬೆಂಡಿಕ್ಸ್ ಕಂಪನಿಯೊಡನೆ ಕೂಡಿಕೊಂಡ. ೧೯೩೯ರ ಹೊತ್ತಿಗೆ ಮಾರಾಟವಾದದ್ದು ಎಷ್ಟು ಗೊತ್ತೆ? ಹತ್ತು. ಅದರಲ್ಲಿ ಎರಡನ್ನು ಕೊಂಡದ್ದು ಕೈಬಿಟ್ಟ ಕಂಪನಿಯೇ, ಪ್ರಯೋಗಕ್ಕೆ. ಮೂವತ್ತೈದರ ಹರೆಯದಲ್ಲಿ ಕೆಲಸ ಬಿಟ್ಟವನಿಗೆ ಆಗ ಐವತ್ತು ದಾಟಿತ್ತು.

ಇಲ್ಲಿ ಡೇವಿಸನನ್ನು ಕಾಯಲು ಬಿಟ್ಟು ರಬ್ಬರಿನ ಕಡೆ ತಿರುಗಬೇಕು. ಪಂಪು ಇಂಜಿನಿನ ಮೇಲೆ ಕುಳಿತಿರುತ್ತದೆ; ಚುಕ್ಕಾಣಿಯ ಪೆಟ್ಟಿಗೆ ಗಾಡಿಯ ಚೌಕಟ್ಟಿಗೆ ಬಿಗಿದಿರುತ್ತದೆ. ಇಂಜಿನು ನಡುಗುತ್ತದೆ, ಚೌಕಟ್ಟು ನಡುಗುವುದಿಲ್ಲ. ಅದರಲ್ಲಿಯೂ ೧೯೩೧ರ ಪ್ಲೈಮೌತ್ ಕಾರಿನಿಂದ ಮುಂದಕ್ಕೆ ಇಂಜಿನುಗಳನ್ನು ರಬ್ಬರಿನ ಮೆತ್ತೆಗಳ ಮೇಲೆ ತೂಗುಬಿಡುವ ಪದ್ಧತಿ ಹಬ್ಬಿತು. ಕುಳಿತವರಿಗೆ ಸುಖ, ಆದರೆ ಇಂಜಿನು ಇನ್ನೂ ಹೆಚ್ಚು ಓಲಾಡತೊಡಗಿತು. ಹಾಗೆ ಓಲಾಡುವುದಕ್ಕೂ ಕದಲದೆ ನಿಂತದ್ದಕ್ಕೂ ನಡುವೆ ಬರಿಯ ಉಕ್ಕಿನ ಕೊಳವೆ ಹಾಕಿದರೆ ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ಬಾಗುವ ಕೊಳವೆಯೇ ಬೇಕು, ಬಾಗುವುದೆಂದರೆ ರಬ್ಬರು.

ಆದರೆ ಮರದ ಹಾಲಿನಿಂದ ಬಂದ ರಬ್ಬರಿಗೂ ನೆಲದಿಂದ ಬಂದ ಎಣ್ಣೆಗೂ ಹುಟ್ಟುಹಗೆ. ೧೮೩೯ರಲ್ಲಿ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡುವುದನ್ನು ಕಂಡುಹಿಡಿದ ಮೇಲೂ ಈ ಹಗೆ ತೀರಲಿಲ್ಲ. ಖನಿಜ ತೈಲದಲ್ಲಿ ನೆನೆದ ರಬ್ಬರು ಅವಲಕ್ಕಿಯಂತೆ ಉಬ್ಬಿ, ಮೆತ್ತಗಾಗಿ, ಕಡೆಗೆ ಅಂಟಾಗಿ ಹರಿದುಹೋಗುತ್ತದೆ. ದ್ರವದಿಂದ ನಡೆಯುವ ಬ್ರೇಕುಗಳನ್ನು ಮಾಡಿದವರಿಗೂ ಇದೇ ತೊಡಕು ಎದುರಾಗಿತ್ತು. ೧೯೨೧ರ ಡ್ಯೂಸೆನ್‌ಬರ್ಗ್, ೧೯೨೪ರ ಕ್ರೈಸ್ಲರ್ ಕಾರುಗಳಲ್ಲಿ ಅಂಥ ಬ್ರೇಕುಗಳು ಬಂದವು. ಮೊದಲಿಗಿದ್ದ ಹಸಿತೊಗಲಿನ ಬಟ್ಟಲುಗಳು ಸೋರಿದಾಗ ಕ್ರೈಸ್ಲರಿನವರು ರಬ್ಬರಿನ ಬಟ್ಟಲು ಹಾಕಿದರು. ಅಂದಿನ ಬ್ರೇಕಿಗೆ ಹೊಯ್ಯುತ್ತಿದ್ದ ದ್ರವ ಯಾವುದು ಬಲ್ಲಿರಾ? ನಮ್ಮ ಹರಳೆಣ್ಣೆ, ಅದರ ಜೊತೆಗೆ ಸಾರಾಯಿಯ ಜಾತಿಯ ಮದ್ಯಸಾರ. ಹರಳೆಣ್ಣೆ ರಬ್ಬರಿನ ತಂಟೆಗೆ ಹೋಗುವುದಿಲ್ಲ. ಅಜ್ಜಿ ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಹೀಗೆ ಮೋಟಾರು ಜಗತ್ತಿಗೂ ಕೆಲವು ಕಾಲ ಉಪಕಾರ ಮಾಡಿತು.

ಚುಕ್ಕಾಣಿಗೆ ಇದು ಹೊಂದಲಿಲ್ಲ. ಬ್ರೇಕಿನ ದ್ರವ ಇದ್ದಲ್ಲಿಯೇ ಇದ್ದು ಒತ್ತುತ್ತದೆ. ಚುಕ್ಕಾಣಿಯ ಎಣ್ಣೆ ಹರಿಯುತ್ತಲೇ ಇರಬೇಕು, ಬಿಸಿಯಾಗಬೇಕು, ಸದಾ ತಿರುಗುವ ಪಂಪಿಗೆ ತಾನೇ ಕೀಲೆಣ್ಣೆಯೂ ಆಗಬೇಕು. ಅದಕ್ಕೆ ಖನಿಜ ತೈಲವೇ ಲೇಸು. ಹಾಗಾದರೆ ಬದಲಾಗಬೇಕಾದದ್ದು ರಬ್ಬರು. ಅದು ಬದಲಾದದ್ದು ೧೯೩೦ರಲ್ಲಿ. ನೋಟರ್ ಡೇಮ್ ವಿಶ್ವವಿದ್ಯಾಲಯದ ನ್ಯೂಲ್ಯಾಂಡ್ ಎಂಬ ಪಾದ್ರಿ ಅಸಿಟಲೀನ್ ಅನಿಲದ ಮೇಲೆ ಮಾಡಿದ ಸಂಶೋಧನೆಯ ಎಳೆ ಹಿಡಿದು, ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೆಸ್ ಕರೋದರ್ಸ್‌ನ ತಂಡದಲ್ಲಿದ್ದ ಆರ್ನಲ್ಡ್ ಕಾಲಿನ್ಸ್ ಒಂದು ಹೊಸ ಬಗೆಯ ರಬ್ಬರನ್ನು ಪಡೆದ. ಮುಂದೆ ಅದಕ್ಕೆ ನಿಯೋಪ್ರೀನ್ ಎಂದು ಹೆಸರಾಯಿತು. ಅದು ಮರದ ರಬ್ಬರಿನಷ್ಟು ಅಗ್ಗವಲ್ಲ, ಆದರೆ ಎಣ್ಣೆಗೆ ಸುಲಭವಾಗಿ ಸೋಲುವುದಿಲ್ಲ. ೧೯೩೦ರ ದಶಕದ ನಡುವೆ ಜರ್ಮನಿಯಲ್ಲಿ ನೈಟ್ರೈಲ್ ರಬ್ಬರು ತಯಾರಾಗತೊಡಗಿತು; ಎಣ್ಣೆಯ ಸಹವಾಸಕ್ಕೆ ಅದು ಇನ್ನೂ ಗಟ್ಟಿಗ. ಡೇವಿಸ್ ಹತ್ತು ಯಂತ್ರ ಮಾರಲು ಹೆಣಗುತ್ತಿದ್ದ ವರ್ಷಗಳಲ್ಲಿಯೇ, ಮುಂದೆ ಅವನ ಯಂತ್ರ ಲಕ್ಷಗಟ್ಟಲೆ ಮನೆಗಳ ಅಂಗಳದಲ್ಲಿ ಸೋರದೆ ನಿಲ್ಲುವುದಕ್ಕೆ ಬೇಕಾದ ವಸ್ತು, ಅವನಿಗೆ ಸಂಬಂಧವೇ ಇಲ್ಲದ ಪ್ರಯೋಗಶಾಲೆಗಳಲ್ಲಿ ಸಿದ್ಧವಾಗುತ್ತಿತ್ತು.

ಆಮೇಲೆ ಯುದ್ಧ ಬಂತು. ಉಕ್ಕಿನ ಕವಚ ತೊಟ್ಟ ಸೇನೆಯ ಗಾಡಿಗಳನ್ನು ತೋಳಿನಿಂದ ತಿರುಗಿಸುವುದು ಸಾಧ್ಯವಿರಲಿಲ್ಲ. ಅಲ್ಲಿ ಬೆಲೆಯ ಚರ್ಚೆಯೂ ಇರಲಿಲ್ಲ. ಬ್ರಿಟಿಷ್ ಸೇನೆಗಾಗಿ ಮಾಡಿದ ಶೆವರ್ಲೆ ಕವಚಗಾಡಿಗಳಿಂದ ಆರಂಭವಾಗಿ, ಯುದ್ಧ ಮುಗಿಯುವ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ಗಾಡಿಗಳಲ್ಲಿ ಡೇವಿಸನ ಚುಕ್ಕಾಣಿ ಕೂತಿತ್ತು.

ಯುದ್ಧಾನಂತರ ಇದನ್ನು ಸಾಮಾನ್ಯ ಕಾರಿಗೆ ಮೊದಲು ತಂದವರು ಅವನೊಡನೆ ಒಪ್ಪಂದವಿದ್ದವರಲ್ಲ. ೧೯೫೧ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ ‘ಹೈಡ್ರಾಗೈಡ್’ ಎಂಬ ಹೆಸರಿನಿಂದ ಇಂಥ ಚುಕ್ಕಾಣಿಯನ್ನು ಮಾರಾಟಕ್ಕಿಟ್ಟಿತು. ಅದಕ್ಕೆ ಆಧಾರ ಡೇವಿಸನ ಅವಧಿ ಮುಗಿದ ಕೆಲವು ಪೇಟೆಂಟುಗಳು! ಆಗಿನ ಪೇಟೆಂಟಿನ ಆಯಸ್ಸು ಹದಿನೇಳು ವರ್ಷ. ಅವನ ಕಾಯುವಿಕೆ ಇಪ್ಪತ್ತೈದು ವರ್ಷ. ಇದನ್ನು ಕಂಡು ಎಚ್ಚೆತ್ತ ಜನರಲ್ ಮೋಟಾರ್ಸ್ ಮತ್ತೆ ಡೇವಿಸನ ಬಾಗಿಲಿಗೆ ಬಂತು. ೧೯೫೨ರ ಕ್ಯಾಡಿಲಾಕಿನಲ್ಲಿ ಅವನ ಚುಕ್ಕಾಣಿ ಬಂದಾಗ ಅವನಿಗೆ ಅರವತ್ತೈದು. ಅಲ್ಲಿಂದ ಮುಂದೆ ತಡವಾಗಲಿಲ್ಲ. ಒಂದೆರಡು ವರ್ಷಗಳಲ್ಲಿ ಇಂಥ ಕಾರುಗಳ ಎಣಿಕೆ ಹತ್ತು ಲಕ್ಷವನ್ನು ಮುಟ್ಟಿತು. ಡೇವಿಸ್ ತೀರಿಕೊಂಡದ್ದು ೧೯೭೮ರಲ್ಲಿ. ತನ್ನ ಗೆಲುವನ್ನು ಕಣ್ಣಾರೆ ಕಂಡೇ ಹೋದ.

ಎಣ್ಣೆ ಮತ್ತು ರಬ್ಬರಿನ ಜಾತಕ ಕೂಡಿಬರಬೇಕೆಂಬುದಕ್ಕೆ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರಿನಷ್ಟು ಒಳ್ಳೆಯ ಉದಾಹರಣೆ ಬೇರಿಲ್ಲ. ೧೯೫೫ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಬಂದ ಆ ಚೆಲುವಾದ ಕಾರಿನಲ್ಲಿ ಚುಕ್ಕಾಣಿ, ಬ್ರೇಕು, ಕೊನೆಗೆ ಗಾಡಿಯನ್ನು ಎತ್ತಿ ಹಿಡಿಯುವ ಸ್ಪ್ರಿಂಗು ಕೂಡ ದ್ರವದ ಒತ್ತಡದಿಂದಲೇ ನಡೆಯುತ್ತಿದ್ದವು. ಮೊದಲ ವರ್ಷಗಳ ಕೆಂಪು ದ್ರವ ಗಾಳಿಯಿಂದ ತೇವ ಹೀರಿ ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು. ೧೯೬೬ರಲ್ಲಿ ಅದನ್ನು ಬಿಟ್ಟು ಹಸಿರು ಬಣ್ಣದ ಖನಿಜ ತೈಲವನ್ನು ತಂದರು. ಅದರೊಡನೆ ಒಳಗಿನ ರಬ್ಬರನ್ನೆಲ್ಲ ಬೇರೆ ಜಾತಿಯದಾಗಿ ಬದಲಿಸಬೇಕಾಯಿತು. ಕೆಂಪಿನ ಕಾರಿಗೆ ಹಸಿರು ಹೊಯ್ದರೂ ಕೆಟ್ಟಿತು, ಹಸಿರಿನ ಕಾರಿಗೆ ಕೆಂಪು ಹೊಯ್ದರೂ ಕೆಟ್ಟಿತು.

ಈಗ ನಿಮ್ಮ ಕಾರಿನ ಬಳಿಗೆ ಹೋಗೋಣ. ಇಂಜಿನು ಪೂರಾ ತಣ್ಣಗಾಗಿರಲಿ. ಪಂಪಿನಿಂದ ಹೊರಡುವ ಕೊಳವೆಗಳು ಎರಡು. ಒಂದು ಒತ್ತಡದ್ದು, ಅದರ ಎರಡು ತುದಿಗೂ ಉಕ್ಕಿನ ಕೊಳವೆ, ನಡುವೆ ರಬ್ಬರು, ಅವು ಕೂಡುವಲ್ಲಿ ಅದುಮಿ ಕೂರಿಸಿದ ಲೋಹದ ಬಳೆ. ಇನ್ನೊಂದು ಎಣ್ಣೆ ಮರಳುವ ಕೊಳವೆ. ಸಾಧಾರಣ ಕ್ಲಿಪ್ಪಿನಲ್ಲಿ ಬಿಗಿದಿರುತ್ತದೆ. ಒತ್ತಡದ ಕೊಳವೆಯಲ್ಲಿ ಒಳಗೊಂದು ಎಣ್ಣೆಗೆ ಮಣಿಯದ ರಬ್ಬರಿನ ಪದರ, ಅದರ ಸುತ್ತ ಜಡೆಯಂತೆ ಹೆಣೆದ ನೂಲು, ಮೇಲೊಂದು ಹೊದಿಕೆ. ನೇರ ದಾರಿಯಲ್ಲಿ ಅದರ ಮೇಲಿನ ಒತ್ತಡ ಅಲ್ಪ. ಆದರೆ ನಿಂತ ಕಾರಿನಲ್ಲಿ ಚಕ್ರವನ್ನು ಕೊನೆಯವರೆಗೂ ತಿರುಗಿಸಿ ಹಿಡಿದರೆ ಚದರ ಅಂಗುಲಕ್ಕೆ ಸಾವಿರ ಪೌಂಡನ್ನೂ ಮೀರುತ್ತದೆ; ಟೈರಿನಲ್ಲಿರುವುದು ಸುಮಾರು ಮೂವತ್ತು ಎಂಬುದನ್ನು ನೆನೆದರೆ ಇದರ ಅಂದಾಜು ಸಿಕ್ಕೀತು. ಇಕ್ಕಟ್ಟಾದ ಬೀದಿಯಲ್ಲಿ ಕಾರು ನಿಲ್ಲಿಸುವವರ ಕೊಳವೆ ಹೆದ್ದಾರಿಯಲ್ಲಿ ಓಡುವವರ ಕೊಳವೆಗಿಂತ ಬೇಗ ಸಾಯುವುದು ಇದಕ್ಕೇ. ಇಪ್ಪತ್ತು ವರ್ಷ ಇಂಜಿನಿನ ಕಾವಿನಲ್ಲಿ ಬೆಂದ ರಬ್ಬರು ಗಡುಸಾಗಿ, ಆ ಅದುಮಿದ ಬಳೆಯ ಅಡಿಯಲ್ಲಿ ಹಿಡಿತ ಬಿಡುತ್ತದೆ. ಸೋರಿಕೆ ಹೆಚ್ಚಾಗಿ ಅಲ್ಲಿಯೇ.

ಸೋರುವ ಜಾಗವನ್ನು ಹುಡುಕುವಾಗ ಒಂದು ಎಚ್ಚರ. ಇಂಜಿನು ಓಡುತ್ತಿರುವಾಗ ಕೊಳವೆಯನ್ನು ಕೈಯಿಂದ ತಡವಬೇಡಿ. ಕೂದಲೆಳೆಯಷ್ಟು ತೂತಿನಿಂದ ಅಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಬಲ್ಲುದು. ರಟ್ಟಿನ ಚೂರೊಂದನ್ನು ಹಿಡಿದರೆ ಅದರ ಮೇಲೆ ಗೆರೆ ಬೀಳುತ್ತದೆ. “ಇರಲಿ ಬಿಡಿ, ವಾರಕ್ಕೊಮ್ಮೆ ಎಣ್ಣೆ ಹೊಯ್ದುಕೊಂಡರಾಯಿತು” ಎನ್ನುವ ಹಿತೈಷಿಗಳಿರುತ್ತಾರೆ. ಅವರ ಮಾತಿಗೆ ಒಪ್ಪಬೇಡಿ. ಕೆಂಡದಂತೆ ಕಾದ ಹೊಗೆಕೊಳವೆಯ ಮೇಲೆ ಆ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿ ಹತ್ತುವುದುಂಟು. ಇನ್ನು ಘಟ್ಟದ ತಿರುವಿನಲ್ಲಿ ಕೊಳವೆ ಒಡೆದರೆ ಚುಕ್ಕಾಣಿ ಕಳಚಿ ಹೋಗುವುದಿಲ್ಲ, ನಿಜ; ಕಂಬಿಯ ಸಂಬಂಧ ಉಳಿದೇ ಇರುತ್ತದೆ. ಆದರೆ ಅದು ಒಮ್ಮೆಗೇ ಹಳೆಯ ಲಾರಿಗಿಂತಲೂ ಭಾರವಾಗುತ್ತದೆ. ಏಕೆಂದರೆ ಯಂತ್ರಬಲ ಉಂಟೆಂದು ನಂಬಿ ಹಲ್ಲುಚಕ್ರಗಳ ಪ್ರಮಾಣವನ್ನು ಕಡಿಮೆ ಸುತ್ತಿಗೆ ಇಟ್ಟಿರುತ್ತಾರೆ. ಸಾಲದೆಂದು ಒಳಗೆ ಉಳಿದ ಎಣ್ಣೆಯನ್ನೂ ನಿಮ್ಮ ತೋಳೇ ನೂಕಬೇಕು. ಇದನ್ನು ಅರಿಯದ ಚಾಲಕ ಆ ಗಳಿಗೆಯಲ್ಲಿ ಬೆದರಿ ಕೈಬಿಡುವುದೇ ಅಪಾಯ.

ಒತ್ತಡದ ಕೊಳವೆಗೆ ಪಟ್ಟಿ ಸುತ್ತುವುದು, ಕ್ಲಿಪ್ಪು ಬಿಗಿಯುವುದು ವ್ಯರ್ಥ. ಬದಲಿಸಲೇಬೇಕು. ಡಬ್ಬಿಯ ಎಣ್ಣೆಯನ್ನು ಪಿಚಕಾರಿಯಿಂದ ಹೀರಿ ತೆಗೆದು, ಅಡಿಗೊಂದು ತಟ್ಟೆಯಿಟ್ಟು, ಹಳೆಯ ಕೊಳವೆ ಹೋದ ಹಾದಿಯನ್ನು ಗುರುತಿಟ್ಟುಕೊಳ್ಳಿ. ಹೊಸದೂ ಅದೇ ಹಾದಿಯಲ್ಲಿ, ಅದೇ ಕೊಂಡಿಗಳಲ್ಲಿ ಹೋಗಬೇಕು. ಒಂದಂಗುಲ ಓರೆಯಾದರೂ ಬೆಲ್ಟಿಗೆ ಉಜ್ಜೀತು, ಹೊಗೆಕೊಳವೆಗೆ ತಾಗೀತು. ನಟ್ಟನ್ನು ಸಾಮಾನ್ಯ ಸ್ಪ್ಯಾನರಿನಲ್ಲಿ ಹಿಡಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಕೊಳವೆ ತೂರುವಷ್ಟು ಬಾಯಿ ತೆರೆದ ಬಳೆ ಸ್ಪ್ಯಾನರು ಇದಕ್ಕೆಂದೇ ಸಿಕ್ಕುತ್ತದೆ. ಜೊತೆಗೆ ಇನ್ನೊಂದರಿಂದ ಎದುರು ಭಾಗವನ್ನು ಹಿಡಿದುಕೊಳ್ಳಿ, ಇಲ್ಲದಿದ್ದರೆ ಒಳಗಿನ ಉಕ್ಕಿನ ಕೊಳವೆಯೇ ತಿರುಚಿಕೊಳ್ಳುತ್ತದೆ.

ಕೀಲಿನಲ್ಲಿ ರಬ್ಬರಿನ ಸಣ್ಣ ಉಂಗುರವೊಂದು ಇರಬಹುದು. ನಾನು ಹೇಳಿದ ಮೊಮ್ಮಗ ಇವನೇ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್‌ಸನ್ ಎಂಬ ವೃದ್ಧ ಯಂತ್ರಶಿಲ್ಪಿ ೧೯೩೯ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇದಕ್ಕೆ ಪೇಟೆಂಟು ಪಡೆದ. ತನಗಿಂತ ಕೊಂಚ ಉದ್ದವಾದ ಗಾಡಿಯಲ್ಲಿ ಕೂತ ಈ ಉಂಗುರವನ್ನು ಒತ್ತಡ ಒಂದು ಬದಿಗೆ ನೂಕಿದಷ್ಟೂ ಅದು ಸಂದನ್ನು ಬಿಗಿದು ಮುಚ್ಚುತ್ತದೆ. ಮಾಡ್ಸ್‌ಲೇಯ ತೊಗಲಿನ ಬಟ್ಟಲಿನ ಗುಣವೇ. ಹಳೆಯ ಉಂಗುರವನ್ನು ಎಂದೂ ಮತ್ತೆ ಹಾಕಬೇಡಿ. ಕೆಲವು ಕಾರುಗಳಲ್ಲಿ ಉಂಗುರದ ಬದಲು ತಾಮ್ರದ ವಾಷರು ಇರುತ್ತದೆ. ಅದಕ್ಕೂ ಇದೇ ಮಾತು. ನಟ್ಟನ್ನು ಮೊದಲು ಬರಿಗೈಯಲ್ಲಿ ನಾಲ್ಕು ಸುತ್ತು ಕೂರಿಸಿ, ಆಮೇಲೆ ಸ್ಪ್ಯಾನರು. ಉಂಗುರವಿರುವ ಕೀಲನ್ನು ಭೀಮಬಲದಿಂದ ಬಿಗಿಯುವ ಅಗತ್ಯವಿಲ್ಲ.

ಹಳೆಯ ಮಾದರಿಯ ಕಾರಾದರೆ ಹೊಸ ಕೊಳವೆ ಅಂಗಡಿಯಲ್ಲಿ ಸಿಕ್ಕದೆ ಹೋಗಬಹುದು. ೧೯೮೮ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ವಿದ್ಯುತ್ ಮೋಟಾರಿನ ಚುಕ್ಕಾಣಿ ಬಂದ ಮೇಲೆ, ಎಣ್ಣೆಯ ಪಂಪು, ಕೊಳವೆ, ಡಬ್ಬಿ ಇವೆಲ್ಲ ಹೊಸ ಕಾರುಗಳಿಂದ ಕ್ರಮವಾಗಿ ಮಾಯವಾಗುತ್ತ ಬಂದಿವೆ. ೧೯೦೩ರ ಕೊಲಂಬಿಯಾ ಟ್ರಕ್ಕಿನ ಆಲೋಚನೆಯೇ ಬೇರೆ ವೇಷದಲ್ಲಿ ಮರಳಿದೆಯೆನ್ನಿ. ಆದರೆ ಟ್ರ್ಯಾಕ್ಟರು, ಮಣ್ಣು ತೋಡುವ ಯಂತ್ರಗಳಿಗೆ ಕೊಳವೆ ಮಾಡಿಕೊಡುವ ಅಂಗಡಿಗಳು ನಮ್ಮ ಕೈಗಾರಿಕಾ ಬಡಾವಣೆಗಳಲ್ಲಿ ಇನ್ನೂ ಇವೆ. ನಿಮ್ಮ ಹಳೆಯ ಉಕ್ಕಿನ ತುದಿಗಳನ್ನು ಉಳಿಸಿಕೊಂಡು ಹೊಸ ರಬ್ಬರನ್ನು ಅದುಮಿ ಕೊಡುತ್ತಾರೆ. ಒತ್ತಡ, ಎಣ್ಣೆ, ಶಾಖ ಮೂರನ್ನೂ ಬಾಯಿಬಿಟ್ಟು ಹೇಳಿ. ಮರಳುವ ಕೊಳವೆಗೆ ಮಾತ್ರ, ಅಗಲ ಸರಿಯಾಗಿದೆಯೆಂದು ರೇಡಿಯೇಟರಿನ ನೀರಿನ ಕೊಳವೆಯ ತುಂಡನ್ನು ಹಾಕಲು ಬಿಡಬೇಡಿ. ನೀರಿಗೆಂದು ಮಾಡಿದ ಇಂದಿನ ರಬ್ಬರು ಎಣ್ಣೆಯಲ್ಲಿ ಉಬ್ಬುತ್ತದೆ. ನೂರು ವರ್ಷದ ಹಿಂದಿನ ಕಥೆ ನಿಮ್ಮ ಕಾರಿನಲ್ಲಿ ಮತ್ತೆ ಮೊದಲಾಗುತ್ತದೆ.

ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹೊಯ್ಯಿರಿ. ಬ್ರೇಕಿನ ದ್ರವವನ್ನಂತೂ ಮರೆತೂ ಹೊಯ್ಯಬೇಡಿ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಭದ್ರವಾದ ಆಧಾರ ಕೊಟ್ಟು, ಇಂಜಿನು ಚಾಲೂ ಮಾಡದೆಯೇ ಚುಕ್ಕಾಣಿಯನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲವಾದರೂ ನಿಧಾನವಾಗಿ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತವೆ, ಎಣ್ಣೆ ಇಳಿಯುತ್ತದೆ; ತುಂಬುತ್ತ ಹೋಗಿ. ಗುಳ್ಳೆ ನಿಂತ ಮೇಲೆ ಇಂಜಿನು ಚಾಲೂ ಮಾಡಿ ಮತ್ತೆ ಕೆಲವು ಸಲ ತಿರುಗಿಸಿ. ಕೊನೆಯಲ್ಲಿ ಒತ್ತಿ ಹಿಡಿಯಬೇಡಿ. ಎಣ್ಣೆ ಮಜ್ಜಿಗೆಯಂತೆ ನೊರೆಯಾಗಿ ಪಂಪು ನರಳಿದರೆ ಗಾಳಿ ಇನ್ನೂ ಉಳಿದಿದೆಯೆಂದು ಅರ್ಥ. ಇಂಜಿನು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು, ಮತ್ತೆ ನೋಡಿ. ಕೆಳಗೆ ಚೆಲ್ಲಿದ್ದನ್ನೆಲ್ಲ ಒರೆಸಿ ಒಣಗಿಸಿ, ರಾತ್ರಿ ಕಾರಿನಡಿ ಹಳೆಯ ವೃತ್ತಪತ್ರಿಕೆಯ ಹಾಳೆಯೊಂದನ್ನು ಹರಡಿ ಮಲಗಿ. ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಎಳೆದು ನೋಡಿ.